ಹುಳು ಮನೆಗೊಂದು ತಂತಿಯಿಲ್ಲದ ತಾಪ–ತೇವಾಂಶ ಮಾಪಕ: ಓದುಗರ ಪ್ರಶ್ನೆ, ನಮ್ಮ ಉತ್ತರ

ರೇಷ್ಮೆ ಹುಳು ಮನೆಯ ತಾಪ ಮತ್ತು ತೇವಾಂಶವನ್ನು ದೂರದಿಂದಲೇ ನೋಡುವ ಸಾಧನವನ್ನು ಸ್ವಂತವಾಗಿ ಮಾಡಿಕೊಳ್ಳುವ ಬಗ್ಗೆ ಬೆಳೆಗಾರರೂ ವಿದ್ಯಾರ್ಥಿಗಳೂ ಕೇಳಿದ ಪ್ರಶ್ನೆಗಳಿಗೆ ಈ ಸಲದ ಪುಟ ಪೂರ್ತಿ ಮೀಸಲು.

ಪ್ರಶ್ನೆ: ಹುಳು ಮನೆ ತೋಟದಲ್ಲಿದೆ, ವಾಸದ ಮನೆಯಿಂದ ನೂರು ಹೆಜ್ಜೆ. ರಾತ್ರಿ ಎರಡು ಸಲ ಎದ್ದು ಹೋಗಿ ಮಾಪಕ ನೋಡಿ ಬರಬೇಕು. ಇದ್ದಲ್ಲೇ ಮೊಬೈಲ್‌ನಲ್ಲಿ ನೋಡುವಂಥದ್ದನ್ನು ಸಾವಿರ ರೂಪಾಯಿಯೊಳಗೆ ಮಾಡಿಕೊಳ್ಳಬಹುದೇ? ಏನೇನು ಬೇಕು? — ಶಿಡ್ಲಘಟ್ಟ ಕಡೆಯ ಬೆಳೆಗಾರರು

ಧಾರಾಳವಾಗಿ ಮಾಡಬಹುದು. ಆದರೆ ಸಾಮಾನು ಕೊಳ್ಳುವ ಮೊದಲು ನಿಮಗೆ ಎಷ್ಟು ನಿಖರತೆ ಬೇಕು ಅನ್ನುವುದನ್ನು ಗೊತ್ತು ಮಾಡಿಕೊಳ್ಳಿ. ಚಾಕಿ ಹುಳುವಿಗೆ (ಮೊದಲೆರಡು ಹಂತದ ಎಳೆ ಹುಳು) 27–28 ಡಿಗ್ರಿ ತಾಪ, ಶೇಕಡಾ 85–90 ತೇವಾಂಶ ಬೇಕು. ಮೂರನೇ ಹಂತಕ್ಕೆ 25–26 ಡಿಗ್ರಿ, 80. ನಾಲ್ಕಕ್ಕೆ 24–25 ಡಿಗ್ರಿ, 70–75. ಐದನೆಯದಕ್ಕೆ 23–24 ಡಿಗ್ರಿ, 65–70. ಅಂದರೆ ಒಂದು ಹಂತಕ್ಕೂ ಮುಂದಿನದಕ್ಕೂ ಇರುವ ಅಂತರ ಸುಮಾರು ಒಂದೆರಡು ಡಿಗ್ರಿ ಅಷ್ಟೆ. ಅಂಗಡಿಯಲ್ಲಿ ಮೊದಲು ಕೈಗೆ ಕೊಡುವ ನೀಲಿ ಬಣ್ಣದ ಡಿಎಚ್‌ಟಿ11 ಸೆನ್ಸರ್ ತಾಪದಲ್ಲಿ 2 ಡಿಗ್ರಿ, ತೇವಾಂಶದಲ್ಲಿ 5 ಅಂಕ ಹೆಚ್ಚುಕಮ್ಮಿ ತೋರಿಸಬಹುದು ಎಂದು ಅದರ ತಯಾರಕರೇ ಹೇಳುತ್ತಾರೆ. ನೂರು ರೂಪಾಯಿ ಉಳಿಯುತ್ತದೆ ಎಂದು ಅದನ್ನು ತಂದರೆ ನಾಲ್ಕನೇ ಹಂತವೋ ಐದನೇ ಹಂತವೋ ಅನ್ನುವ ಪ್ರಶ್ನೆಗೇ ಅದು ಉತ್ತರ ಕೊಡಲಾರದು. ಬಿಳಿಯ ಡಿಎಚ್‌ಟಿ22 ಅರ್ಧ ಡಿಗ್ರಿಯೊಳಗೆ ಹಿಡಿಯುತ್ತದೆ. ಆದರೆ ನೀರು ಹನಿಗಟ್ಟುವ ಜಾಗದಲ್ಲಿ ಬೇಗ ಕೆಡುತ್ತದೆ. ಹುಳು ಮನೆಗೆ ಎಸ್‌ಎಚ್‌ಟಿ31 ಸೆನ್ಸರನ್ನೇ ಕೊಳ್ಳಿ. ತಾಪದಲ್ಲಿ ಸುಮಾರು 0.3 ಡಿಗ್ರಿ, ತೇವಾಂಶದಲ್ಲಿ ಸುಮಾರು 2 ಅಂಕದೊಳಗೆ ನಿಲ್ಲುತ್ತದೆ. ಅಷ್ಟು ಹಣ ಹಾಕಲಾಗದವರಿಗೆ ಎಎಚ್‌ಟಿ20 ಕೂಡ ಪರವಾಗಿಲ್ಲ.

ಬೇಕಾದ ಸಾಮಾನು ಇಷ್ಟು: ವೈಫೈ ಸಹಿತದ ಇಎಸ್‌ಪಿ8266 ಚಿಪ್ ಇರುವ ಡಿ1 ಮಿನಿ ಬೋರ್ಡ್ ಒಂದು (ಸುಮಾರು 250 ರೂ.), ಎಸ್‌ಎಚ್‌ಟಿ31 ಒಂದು (350ರಿಂದ 450), ರಕ್ಷಣಾ ಸರ್ಕ್ಯೂಟ್ ಸಹಿತದ ಟಿಪಿ4056 ಚಾರ್ಜರ್ ಹಲಗೆ (30), ಒಳ್ಳೆಯ 18650 ಸೆಲ್ ಒಂದು (150ರಿಂದ 200), 470 ಮೈಕ್ರೊಫ್ಯಾರಡ್ ಕೆಪ್ಯಾಸಿಟರ್, ನಾಲ್ಕೆಳೆಯ ತಂತಿ ಅರ್ಧ ಮೀಟರ್, ವೈರಿಂಗ್‌ಗೆ ಬಳಸುವ ಪಿವಿಸಿ ಡಬ್ಬಿ, ಒಂದಿಂಚಿನ ಪಿವಿಸಿ ಪೈಪಿನ ತುಂಡು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎಲ್ಲವೂ ಒಂದೇ ಸಾಲಿನಲ್ಲಿ ಸಿಗುತ್ತವೆ. ಬೆಲೆ ಅಂಗಡಿಯಿಂದ ಅಂಗಡಿಗೆ ಬೇರೆಯಾದರೂ ಸಾವಿರದ ಆಸುಪಾಸಿನಲ್ಲಿ ಮುಗಿಯುತ್ತದೆ. ಸೆಲ್ ಮೇಲೆ 9900 ಎಂದು ಅಚ್ಚಾಗಿದ್ದರೆ ಮುಟ್ಟಬೇಡಿ. ಆ ಗಾತ್ರದ ಅಸಲಿ ಸೆಲ್‌ನ ಸಾಮರ್ಥ್ಯ ಸಾಮಾನ್ಯವಾಗಿ 3500 ಮಿಲಿಆಂಪಿಯರ್-ಗಂಟೆ ದಾಟುವುದಿಲ್ಲ.

ಜೋಡಣೆ ಕಷ್ಟವಿಲ್ಲ. ಸೆನ್ಸರ್‌ನ ವಿದ್ಯುತ್ ಕಾಲನ್ನು (ಪಿನ್ನನ್ನು) ಬೋರ್ಡ್‌ನ 3.3 ವೋಲ್ಟ್‌ಗೆ, ಗ್ರೌಂಡನ್ನು ಗ್ರೌಂಡ್‌ಗೆ, ಎಸ್‌ಡಿಎ ಕಾಲನ್ನು ಡಿ2ಗೆ, ಎಸ್‌ಸಿಎಲ್ ಕಾಲನ್ನು ಡಿ1ಕ್ಕೆ ಸೇರಿಸಿ. ತಂತಿ ಹೆಣೆಯುವಾಗ ಎಸ್‌ಡಿಎಯನ್ನೂ ಎಸ್‌ಸಿಎಲ್ಲನ್ನೂ ಒಟ್ಟಿಗೆ ಹೊಸೆಯಬೇಡಿ. ಒಂದನ್ನು ಗ್ರೌಂಡ್ ಜೊತೆ, ಇನ್ನೊಂದನ್ನು ವಿದ್ಯುತ್ ತಂತಿಯ ಜೊತೆ ಹೊಸೆಯಿರಿ. ಇಲ್ಲದಿದ್ದರೆ ಒಂದರ ಸಂಕೇತ ಇನ್ನೊಂದಕ್ಕೆ ನುಗ್ಗಿ ಆಗಾಗ ಓದಿಗೆ (ಸೆನ್ಸರ್ ಕೊಡುವ ಅಂಕಿ) ತಪ್ಪುತ್ತದೆ. ಕೆಪ್ಯಾಸಿಟರನ್ನು ಧನ–ಋಣ ನೋಡಿಕೊಂಡು 3.3 ವೋಲ್ಟ್ ಮತ್ತು ಗ್ರೌಂಡ್ ನಡುವೆ ಬೆಸೆಯಿರಿ. ವೈಫೈ ಸಂಕೇತ ಹೊರಡುವ ಕ್ಷಣದಲ್ಲಿ ಬೋರ್ಡ್ ಒಮ್ಮೆಲೇ ಹೆಚ್ಚು ವಿದ್ಯುತ್ ಎಳೆಯುತ್ತದೆ. ಆಗ ವೋಲ್ಟೇಜ್ ಕುಸಿಯದಂತೆ ಹಿಡಿಯುವುದು ಇದೇ. ಸೆಲ್‌ನಿಂದ ಚಾರ್ಜರ್ ಹಲಗೆಗೆ, ಅದರ ಔಟ್‌ಪುಟ್‌ನಿಂದ ಬೋರ್ಡ್‌ನ 5 ವೋಲ್ಟ್ ಕಾಲಿಗೆ ತಂತಿ ಎಳೆಯಿರಿ.

ಪ್ರೋಗ್ರಾಂಗೆ ಆರ್ಡುಯಿನೊ ತಂತ್ರಾಂಶ ಸಾಕು. ಬೋರ್ಡ್ ಪಟ್ಟಿಗೆ ಇಎಸ್‌ಪಿ8266 ಸೇರಿಸಿ, ಅಡಾಫ್ರೂಟ್‌ನ ಎಸ್‌ಎಚ್‌ಟಿ31 ಲೈಬ್ರರಿ ಹಾಕಿಕೊಳ್ಳಿ. ಜೊತೆಗೆ ಬರುವ ಉದಾಹರಣೆ ಪ್ರೋಗ್ರಾಂ ಓಡಿಸಿ ಅಂಕಿ ಬರುವುದನ್ನು ಖಚಿತ ಮಾಡಿಕೊಂಡ ಮೇಲೆಯೇ ವೈಫೈ ಭಾಗ ಸೇರಿಸಿ. ಎರಡನ್ನೂ ಒಟ್ಟಿಗೆ ಶುರು ಮಾಡಿದರೆ ತಪ್ಪು ಎಲ್ಲಿದೆ ಎಂದು ಹುಡುಕುವುದೇ ದೊಡ್ಡ ಕೆಲಸ. ಅಂಕಿ ಕಳಿಸಲು ಥಿಂಗ್‌ಸ್ಪೀಕ್ ಎಂಬ ಅಂತರ್ಜಾಲ ಸೇವೆಯ ಉಚಿತ ಖಾತೆ ಸಾಕು. ಹತ್ತು ನಿಮಿಷಕ್ಕೊಂದು ಸಲ ಕಳಿಸಿದರೆ ಹುಳು ಮನೆಗೆ ಬೇಕಾದಷ್ಟಾಯಿತು. ನಿಮ್ಮ ರೂಟರ್ 2.4 ಗಿಗಾಹರ್ಟ್ಸ್‌ನಲ್ಲಿ ಪ್ರಸಾರ ಮಾಡುತ್ತಿರಬೇಕು. 5 ಗಿಗಾಹರ್ಟ್ಸ್ ಈ ಬೋರ್ಡ್‌ನ ಕಣ್ಣಿಗೆ ಬೀಳುವುದಿಲ್ಲ.

ಕೊನೆಗೆ, ಕಳಿಸಿದ ಮೇಲೆ ಬೋರ್ಡ್ ಗಾಢ ನಿದ್ದೆಗೆ ಹೋಗಬೇಕು. ಎಬ್ಬಿಸುವ ಸಂಕೇತ ಬರುವುದು ಡಿ0 ಕಾಲಿನಿಂದ. ಅದನ್ನು ರೀಸೆಟ್ ಕಾಲಿಗೆ ಸೇರಿಸದಿದ್ದರೆ ಒಮ್ಮೆ ಮಲಗಿದ ಬೋರ್ಡ್ ಏಳುವುದೇ ಇಲ್ಲ. ಆದರೆ ಆ ತಂತಿ ಸೇರಿಸಿದ್ದಾಗ ಹೊಸ ಪ್ರೋಗ್ರಾಂ ತುಂಬಲು ಹೋದರೆ ಅಪ್‌ಲೋಡ್ ವಿಫಲವಾಗುತ್ತದೆ. ಅಲ್ಲೊಂದು ಚಿಕ್ಕ ಸ್ವಿಚ್ಚೋ ತೆಗೆದು ಹಾಕುವ ಜಂಪರೋ ಇರಲಿ.

ಪ್ರಶ್ನೆ: ನೀವು ಹೇಳುವಂಥ ಬೋರ್ಡ್ ಮತ್ತು ಸೆನ್ಸರನ್ನೇ ಒಂದು ಚಿಕ್ಕ ಡಬ್ಬಿಯಲ್ಲಿ ಕೂರಿಸಿದ್ದೇನೆ. ಮುಚ್ಚಳಕ್ಕೆ ತೂತುಗಳೂ ಇವೆ. ಗಾಜಿನ ಒಣ–ಒದ್ದೆ ಮಾಪಕದಲ್ಲಿ (ಒಂದರ ಬಲ್ಬಿಗೆ ಒದ್ದೆ ಬತ್ತಿ ಸುತ್ತಿದ ಜೋಡಿ ತಾಪಮಾಪಕ) ಒಣ ಬಲ್ಬ್ 27, ಒದ್ದೆ ಬಲ್ಬ್ 24, ಅಂದರೆ ತೇವಾಂಶ 78 ಇದ್ದಾಗ ನನ್ನ ಸಾಧನ 29.5 ಡಿಗ್ರಿ, 67 ತೇವಾಂಶ ತೋರಿಸುತ್ತದೆ. ಸೆನ್ಸರ್ ಕೆಟ್ಟಿದೆಯೇ? — ಕೋಲಾರದ ಡಿಪ್ಲೊಮಾ ವಿದ್ಯಾರ್ಥಿ

ಕೆಟ್ಟಿಲ್ಲ. ಸೆನ್ಸರ್ ನಿಜವನ್ನೇ ಹೇಳುತ್ತಿದೆ, ಆದರೆ ಡಬ್ಬಿಯೊಳಗಿನ ಗಾಳಿಯ ಬಗ್ಗೆ. ಲೆಕ್ಕ ಹಾಕಿ ನೋಡಿ: 27 ಡಿಗ್ರಿಯಲ್ಲಿ 78 ತೇವಾಂಶವಿರುವ ಗಾಳಿಯನ್ನು, ಅದರೊಳಗಿನ ನೀರಿನ ಆವಿ ಒಂದಿಷ್ಟೂ ಹೆಚ್ಚು ಕಡಿಮೆಯಾಗದಂತೆ 29.5 ಡಿಗ್ರಿಗೆ ಬಿಸಿ ಮಾಡಿದರೆ ಸಾಪೇಕ್ಷ ತೇವಾಂಶ 67ಕ್ಕೆ ಇಳಿಯುತ್ತದೆ. ನಿಮ್ಮ ಸಾಧನದ ಎರಡು ಅಂಕಿಗಳೂ ಅದಕ್ಕೆ ಕರಾರುವಾಕ್ಕಾಗಿ ಹೊಂದುತ್ತವೆ. ಆ ಎರಡೂವರೆ ಡಿಗ್ರಿ ಬಿಸಿ ಬಂದದ್ದು ಪಕ್ಕದಲ್ಲಿ ಕೂತಿರುವ ಬೋರ್ಡ್‌ನಿಂದ. ವೈಫೈ ಚಾಲೂ ಇರುವಾಗ ಅದು ಸುಮಾರು 70–80 ಮಿಲಿಆಂಪಿಯರ್ ನುಂಗುತ್ತದೆ. ಅದೆಲ್ಲ ಕೊನೆಗೆ ಶಾಖವೇ.

ಈ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಇದೇ. 27 ಡಿಗ್ರಿಯ ಆಸುಪಾಸಿನಲ್ಲಿ, 80 ತೇವಾಂಶದ ಗಾಳಿಯಲ್ಲಿ, ತಾಪ ಒಂದು ಡಿಗ್ರಿ ತಪ್ಪಿದರೆ ತೇವಾಂಶ ಸುಮಾರು 5 ಅಂಕ ತಪ್ಪುತ್ತದೆ. ಎಷ್ಟೇ ದುಬಾರಿ ಸೆನ್ಸರ್ ತಂದರೂ ಬಿಸಿ ಡಬ್ಬಿಯಲ್ಲಿಟ್ಟರೆ ದುಡ್ಡು ದಂಡ. ಪ್ರೋಗ್ರಾಂನಲ್ಲಿ 2.5 ಕಳೆದುಬಿಟ್ಟರೆ ಆಯಿತಲ್ಲ ಎನ್ನಬೇಡಿ. ಚಾರ್ಜ್ ಆಗುವಾಗ ಬಿಸಿ ಬೇರೆ, ನಿದ್ದೆಯಿಂದ ಎದ್ದ ಕ್ಷಣದಲ್ಲಿ ಬೇರೆ, ಫ್ಯಾನ್ ಗಾಳಿ ಬಿದ್ದಾಗ ಬೇರೆ. ಕಳೆಯಬೇಕಾದ ಅಂಕಿ ಒಂದೇ ಆಗಿರುವುದಿಲ್ಲ.

ಪರಿಹಾರ ಸುಲಭ. ಸೆನ್ಸರನ್ನು ಡಬ್ಬಿಯಿಂದ ಹೊರಗೆ ತೆಗೆದು 30ರಿಂದ 50 ಸೆಂಟಿಮೀಟರ್ ತಂತಿಯಲ್ಲಿ ಕೆಳಗೆ ಇಳಿಬಿಡಿ. ಕೆಳಗೇ ಇರಬೇಕು, ಏಕೆಂದರೆ ಬಿಸಿ ಗಾಳಿ ಮೇಲೇರುತ್ತದೆ. ಎಂಟು ಸೆಂಟಿಮೀಟರ್ ಉದ್ದದ ಪಿವಿಸಿ ಪೈಪಿನ ತುಂಡಿಗೆ ಸುತ್ತ ತೂತು ಕೊರೆದು, ಎರಡೂ ಬಾಯಿ ತೆರೆದಿಟ್ಟು, ನೆಟ್ಟಗೆ ತೂಗುಹಾಕಿ ಅದರ ನಡುವೆ ಸೆನ್ಸರ್ ನಿಲ್ಲಿಸಿ. ಬೋರ್ಡ್ ಎದ್ದ ಕೂಡಲೇ ಮೊದಲು ಸೆನ್ಸರ್ ಓದಲಿ, ಆಮೇಲೆ ವೈಫೈ ತೆರೆಯಲಿ. ಪ್ರೋಗ್ರಾಂನಲ್ಲಿ ಈ ಎರಡು ಸಾಲುಗಳ ಹಿಂದುಮುಂದು ಸರಿ ಮಾಡಿದರೂ ವ್ಯತ್ಯಾಸ ಕಾಣುತ್ತದೆ.

ತೂಗುಹಾಕುವ ಜಾಗ ಹುಳುಗಳ ಹಾಸಿಗೆಯ ಮಟ್ಟದಲ್ಲಿ, ಸ್ಟ್ಯಾಂಡಿನ ನಡುವಿನ ಅಂತಸ್ತಿನಲ್ಲಿ, ಸೊಪ್ಪಿನಿಂದ ಒಂದು ಗೇಣು ಮೇಲಿರಲಿ. ಗೋಡೆಗೆ ಮೊಳೆ ಹೊಡೆದು ನೇತು ಹಾಕಿದರೆ ಅದು ಗೋಡೆಯ ತಾಪ ಹೇಳುತ್ತದೆ. ಕಿಟಕಿ ಪಕ್ಕ, ಒದ್ದೆ ಗೋಣಿಚೀಲದ ಎದುರು, ಶೀಟಿನ ಚಾವಣಿಯ ಕೆಳಗೆ ಬೇಡ. ಶೀಟಿನ ಮನೆಯಲ್ಲಿ ಏಪ್ರಿಲ್ ಮಧ್ಯಾಹ್ನ ಮೇಲಿನ ಅಂತಸ್ತಿಗೂ ಕೆಳಗಿನದಕ್ಕೂ ಎರಡು ಮೂರು ಡಿಗ್ರಿ ವ್ಯತ್ಯಾಸ ಬರಬಹುದು. ಕೈಯಲ್ಲಿ ಹಣವಿದ್ದರೆ ಎರಡು ಸೆನ್ಸರ್ ಹಾಕಿ. ಎಸ್‌ಎಚ್‌ಟಿ31ರ ವಿಳಾಸದ ಕಾಲನ್ನು 3.3 ವೋಲ್ಟ್‌ಗೆ ಸೇರಿಸಿದರೆ ಅದರ ವಿಳಾಸ ಹೆಕ್ಸ್ (ಹದಿನಾರರ ಎಣಿಕೆಯ ಅಂಕಿ) 44ರಿಂದ 45ಕ್ಕೆ ಬದಲಾಗುತ್ತದೆ. ಆಗ ಎರಡೂ ಒಂದೇ ಬೋರ್ಡ್‌ನಲ್ಲಿ ಕೆಲಸ ಮಾಡುತ್ತವೆ.

ಪ್ರಶ್ನೆ: ಒಣ–ಒದ್ದೆ ಮಾಪಕ ಇಲ್ಲದವರು ಸೆನ್ಸರ್ ಸರಿಯಿದೆಯೇ ಎಂದು ತಿಳಿಯುವುದು ಹೇಗೆ? — ರಾಮನಗರದ ಓದುಗರು

ಅಡುಗೆ ಉಪ್ಪಿನಿಂದ. ನೀರಿನಲ್ಲಿ ಇನ್ನು ಕರಗಲಾರದಷ್ಟು ಉಪ್ಪು ಇದ್ದಾಗ ಅದರ ಮೇಲಿನ ಮುಚ್ಚಿದ ಗಾಳಿಯ ತೇವಾಂಶ 75ಕ್ಕೆ ಬಂದು ನಿಲ್ಲುತ್ತದೆ. 20 ಡಿಗ್ರಿಯಿರಲಿ, 30 ಇರಲಿ, ಅದು ಕದಲುವುದಿಲ್ಲ ಎನ್ನುವಷ್ಟು ಸ್ಥಿರ. ಪ್ರಯೋಗಾಲಯಗಳಲ್ಲೂ ಬಳಸುವ ವಿಧಾನ ಇದು.

ಬಾಟಲಿಯ ಮುಚ್ಚಳವೊಂದಕ್ಕೆ ಉಪ್ಪು ತುಂಬಿ. ಹನಿ ಹನಿಯಾಗಿ ನೀರು ಬಿಡುತ್ತ ಕಡ್ಡಿಯಿಂದ ಕಲಸಿ. ಒದ್ದೆ ಮರಳಿನ ಹದ ಬಂದ ಕೂಡಲೇ ನಿಲ್ಲಿಸಿ. ಮುಚ್ಚಳ ವಾಲಿಸಿದರೆ ನೀರು ಹರಿಯಬಾರದು, ಹರಳುಗಳು ಕಣ್ಣಿಗೆ ಕಾಣುತ್ತಿರಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ನೀರು ಹೆಚ್ಚಾಗಿ ಉಪ್ಪಿನ ಮೇಲೆ ನಿಂತರೆ ತೇವಾಂಶ 75ಕ್ಕಿಂತ ಮೇಲೆ ಹೋಗುತ್ತದೆ, ಒಳ್ಳೆಯ ಸೆನ್ಸರನ್ನೇ ಕೆಟ್ಟದೆಂದು ಎಣಿಸಿಬಿಡುತ್ತೀರಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಳವನ್ನಿಟ್ಟು, ಉಪ್ಪಿಗೆ ತಾಗದಂತೆ ಸೆನ್ಸರ್ ತೂಗುಬಿಡಿ. ಒಳಗೆ ಸೆನ್ಸರ್ ಮಾತ್ರ ಹೋಗಬೇಕು, ಬೋರ್ಡ್ ಹೊರಗಿರಬೇಕು. ತಂತಿ ಹಾಯುವ ಸಂದಿಗೆ ಇನ್ಸುಲೇಶನ್ ಟೇಪ್ ಸುತ್ತಿ. ಡಬ್ಬಿಗೆ ಕಂಬಳಿ ಸುತ್ತಿ, ಬಿಸಿಲು ಬೀಳದ ಮೂಲೆಯಲ್ಲಿ ರಾತ್ರಿಯಿಡೀ ಬಿಡಿ. ತಾಪ ಏರಿಳಿದರೆ ಒಳಗೆ ಹನಿಗಟ್ಟುತ್ತದೆ, ಆಮೇಲೆ ಅಂಕಿ ನಂಬುವಂತಿಲ್ಲ. ಎಂಟರಿಂದ ಹನ್ನೆರಡು ಗಂಟೆ ಕಳೆದ ಮೇಲೆ, ಮುಚ್ಚಳ ತೆರೆಯದೆ ಓದಿ.

79 ಬಂತೇ? ಪ್ರೋಗ್ರಾಂನಲ್ಲಿ 4 ಕಳೆಯಿರಿ. 72 ಬಂತೇ? 3 ಕೂಡಿಸಿ. ಇದು ಸೆನ್ಸರ್‌ನ ಸ್ವಂತ ದೋಷ, ಡಬ್ಬಿಯ ಬಿಸಿಯಂತೆ ಗಳಿಗೆಗೊಂದು ಬಗೆಯಾಗುವುದಿಲ್ಲ. ಹುಳು ಮನೆಯ ವ್ಯವಹಾರ 65ರಿಂದ 90ರ ನಡುವೆ ಇರುವುದರಿಂದ 75ರಲ್ಲಿ ಸರಿ ಮಾಡಿದರೆ ಕೆಲಸಕ್ಕೆ ಸಾಕು. ಏಳೆಂಟು ಅಂಕ ವ್ಯತ್ಯಾಸ ಬಂದರೆ ಸೆನ್ಸರನ್ನೇ ಬದಲಿಸಿ. ಪ್ರತಿ ಬೆಳೆಯ ನಡುವಿನ ಬಿಡುವಿನಲ್ಲಿ ಈ ಪರೀಕ್ಷೆ ಮಾಡುವುದು ಒಳ್ಳೆಯದು.

ಗಾಜಿನ ಮಾಪಕ ಇದ್ದವರಿಗೂ ಒಂದು ಮಾತು. ಒದ್ದೆ ಬಲ್ಬಿನ ಬತ್ತಿ ಬೋರ್‌ವೆಲ್ ನೀರಿನ ಉಪ್ಪು ಹಿಡಿದು ಗಟ್ಟಿಯಾಗಿದ್ದರೆ ನೀರು ಸರಿಯಾಗಿ ಏರುವುದಿಲ್ಲ, ಒದ್ದೆ ಬಲ್ಬ್ ಸಾಕಷ್ಟು ತಂಪಾಗುವುದಿಲ್ಲ, ತೇವಾಂಶ ಇರುವುದಕ್ಕಿಂತ ಹೆಚ್ಚು ತೋರುತ್ತದೆ. ಹೋಲಿಸುವ ಮೊದಲು ಬತ್ತಿ ಬದಲಿಸಿ, ಶುದ್ಧ ನೀರು ಹಾಕಿ.

ಪ್ರಶ್ನೆ: ಬ್ಯಾಟರಿ ವಾರಕ್ಕೇ ಖಾಲಿ. ಹತ್ತು ನಿಮಿಷಕ್ಕೊಮ್ಮೆ ಮಾತ್ರ ಏಳುವಂತೆ ಮಾಡಿದ್ದೇನೆ. ಬೋರ್ಡ್ ನೋಡ್‌ಎಂಸಿಯು. — ಮಂಡ್ಯದಿಂದ

ಬೋರ್ಡ್ ಮಲಗಿದರೂ ಅದರ ಮೇಲಿನ ಉಳಿದ ಚಿಪ್‌ಗಳು ಮಲಗಿಲ್ಲ. ನೋಡ್‌ಎಂಸಿಯುನಲ್ಲಿರುವ ಎಎಂಎಸ್1117 ರೆಗ್ಯುಲೇಟರ್ (ವೋಲ್ಟೇಜನ್ನು ಹದಕ್ಕೆ ಇಳಿಸುವ ಚಿಪ್) ಒಂದೇ 5 ಮಿಲಿಆಂಪಿಯರ್‌ನಷ್ಟು ಸುಮ್ಮನೆ ಕುಡಿಯುತ್ತದೆ. ಯುಎಸ್‌ಬಿ ಚಿಪ್, ದೀಪ ಸೇರಿದರೆ ಹತ್ತರ ಹತ್ತಿರ. 2500ರ ಸೆಲ್‌ನಿಂದ ನಿಜಕ್ಕೂ ಸಿಗುವ 2000ವನ್ನು ಹತ್ತರಿಂದ ಭಾಗಿಸಿದರೆ 200 ಗಂಟೆ, ಎಂಟು ದಿನ. ಇನ್ನೂ ಒಂದು ತೊಂದರೆಯಿದೆ. ಆ ರೆಗ್ಯುಲೇಟರ್‌ಗೆ ಔಟ್‌ಪುಟ್‌ಗಿಂತ ಸುಮಾರು 1.1 ವೋಲ್ಟ್ ಹೆಚ್ಚು ಬೇಕು. 3.7 ವೋಲ್ಟ್ ಸೆಲ್‌ನಿಂದ ಚಿಪ್‌ಗೆ ತಲುಪುವುದು 2.6 ಮಾತ್ರ, ವೈಫೈ ತೆರೆಯುವಾಗ ಬೋರ್ಡ್ ಮತ್ತೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಡಿ1 ಮಿನಿಗೆ ಬದಲಾಯಿಸಿ. ಅದಕ್ಕಿಂತ ಉತ್ತಮವೆಂದರೆ ಬರೀ ಇಎಸ್‌ಪಿ-12 ಮಾಡ್ಯೂಲ್‌ಗೆ ಎಚ್‌ಟಿ7333 ರೆಗ್ಯುಲೇಟರ್. ಅದು ಸುಮ್ಮನಿರುವಾಗ ಎಳೆಯುವುದು 4 ಮೈಕ್ರೊಆಂಪಿಯರ್ ಅಷ್ಟೆ. ಆಮೇಲೆ ಎಚ್ಚರದ ಸಮಯ ಕಡಿಮೆ ಮಾಡಿ. ಎದ್ದು, ರೂಟರ್ ಹುಡುಕಿ, ವಿಳಾಸ ಕೇಳಿ, ಕಳಿಸಿ ಮಲಗಲು ಐದು ಸೆಕೆಂಡ್ ಬೇಕಾದರೆ ಸರಾಸರಿ 0.7 ಮಿಲಿಆಂಪಿಯರ್, ನಾಲ್ಕು ತಿಂಗಳು ಬಾಳುತ್ತದೆ. ಐಪಿ ವಿಳಾಸ ಮತ್ತು ಚಾನೆಲ್ ಎರಡನ್ನೂ ಪ್ರೋಗ್ರಾಂನಲ್ಲೇ ಬರೆದಿಟ್ಟರೆ ಅದು ಎರಡು ಸೆಕೆಂಡ್‌ಗೆ ಇಳಿಯುತ್ತದೆ, ಒಂಬತ್ತು ತಿಂಗಳು ಸಿಗುತ್ತದೆ. ವೈಫೈ ಸಿಗದಿದ್ದಾಗ ಹುಡುಕುತ್ತಲೇ ಇರದಂತೆ ಹತ್ತು ಸೆಕೆಂಡ್‌ನ ಮಿತಿ ಹಾಕುವುದನ್ನು ಮರೆಯಬೇಡಿ. ಕರೆಂಟ್ ಹೋಗಿ ರೂಟರ್ ಬಂದ್ ಆದ ಒಂದೇ ರಾತ್ರಿಯಲ್ಲಿ ತಿಂಗಳ ಚಾರ್ಜ್ ಕರಗಿಬಿಡುತ್ತದೆ.

ಡಿ1 ಮಿನಿಯ ಎ0 ಕಾಲಿಗೆ ಸೆಲ್‌ನಿಂದ 100 ಕಿಲೊಓಮ್ ರೆಸಿಸ್ಟರ್ ಮೂಲಕ ತಂತಿ ಕೊಟ್ಟರೆ 4.2 ವೋಲ್ಟ್‌ವರೆಗೂ ಬ್ಯಾಟರಿ ಅಳೆಯಬಹುದು. ಆ ಅಂಕಿಯನ್ನೂ ಜೊತೆಗೆ ಕಳಿಸಿ. 3.5ಕ್ಕೆ ಇಳಿದಾಗ ಚಾರ್ಜ್ ಮಾಡಿ.

ಪ್ರಶ್ನೆ: ಹುಳು ಮನೆಗೆ ವೈಫೈ ತಲುಪುವುದಿಲ್ಲ. ಬೇರೆ ದಾರಿ? — ಮಾಗಡಿ, ಚಿಂತಾಮಣಿಯ ಇಬ್ಬರು ಓದುಗರು

ಇಎಸ್‌ಪಿ-ನೌ ಎಂಬ ವಿಧಾನವಿದೆ. ಇದೇ ಬೋರ್ಡ್‌ಗಳು ರೂಟರ್ ಇಲ್ಲದೆ ನೇರವಾಗಿ ಒಂದರೊಡನೊಂದು ಮಾತಾಡುತ್ತವೆ. ಮನೆಯಲ್ಲಿ ಇನ್ನೊಂದು ಬೋರ್ಡ್ ಮತ್ತು ಚಿಕ್ಕ ಓಎಲ್‌ಇಡಿ ಪರದೆ ಇಟ್ಟುಕೊಂಡರೆ ಅಂತರ್ಜಾಲವೂ ಬೇಡ. ಕಳಿಸುವ ಕೆಲಸ ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ಮುಗಿಯುವುದರಿಂದ ಬ್ಯಾಟರಿ ವರ್ಷ ದಾಟುತ್ತದೆ. ಆದರೆ ಎರಡೂ ಬೋರ್ಡ್ ಒಂದೇ ಚಾನೆಲ್‌ನಲ್ಲಿರಬೇಕು. ಮನೆಯ ಬೋರ್ಡ್ ರೂಟರ್‌ಗೂ ಸೇರಿಕೊಂಡಿದ್ದರೆ ಅದು ರೂಟರ್‌ನ ಚಾನೆಲ್ ಹಿಡಿಯುತ್ತದೆ. ರೂಟರ್ ತಾನಾಗಿ ಚಾನೆಲ್ ಬದಲಿಸಿದ ದಿನ ಅಂಕಿ ಬರುವುದು ಏಕಾಏಕಿ ನಿಲ್ಲುತ್ತದೆ. ರೂಟರ್‌ನಲ್ಲಿ ಚಾನೆಲ್ಲನ್ನು 1, 6 ಅಥವಾ 11ಕ್ಕೆ ಬಿಗಿ ಮಾಡಿ.

ನಡುವೆ ಹಿಪ್ಪುನೇರಳೆ ತೋಟವಿದ್ದರೆ ಗಮನಿಸಿ: ನೀರು ತುಂಬಿದ ಎಲೆ 2.4 ಗಿಗಾಹರ್ಟ್ಸ್ ಅಲೆಯನ್ನು ಚೆನ್ನಾಗಿ ಹೀರುತ್ತದೆ. ಕಡ್ಡಿ ಕತ್ತರಿಸಿದ ಮೇಲೆ ಪರೀಕ್ಷಿಸಿ ಎಲ್ಲ ಸರಿ ಎಂದುಕೊಂಡರೆ, ಸೊಪ್ಪು ಆಳೆತ್ತರ ಬಂದು ಹುಳು ಮೇಯುವ ಹೊತ್ತಿಗೆ ಸಂಕೇತ ಕೈಕೊಡುತ್ತದೆ. ತುಂಬಿದ ತೋಟದಲ್ಲೇ ಪರೀಕ್ಷಿಸಿ, ಬೋರ್ಡನ್ನು ಸೊಪ್ಪಿನ ನೆತ್ತಿಗಿಂತ ಮೇಲೆ ಕೂರಿಸಿ. ಹುಳುವಿಗೆ ಕಾಟ ಕೊಡುವ ಊಜಿ ನೊಣಕ್ಕೆ ಕಟ್ಟುವ ನೈಲಾನ್ ಪರದೆ ಅಡ್ಡಿಯಿಲ್ಲ. ಕಬ್ಬಿಣದ ಜಾಲರಿ, ತಗಡಿನ ಶೀಟು ತಡೆಯುತ್ತವೆ.

ಅರ್ಧ ಕಿಲೊಮೀಟರ್ ಮೀರಿದರೆ ಲೋರಾ (ಕಡಿಮೆ ವಿದ್ಯುತ್ತಿನಲ್ಲಿ ದೂರ ತಲುಪುವ ರೇಡಿಯೊ) ಬೇಕು. ಭಾರತದಲ್ಲಿ ಪರವಾನಗಿ ಇಲ್ಲದೆ ಅದಕ್ಕೆ ಬಳಸುವ ತರಂಗಪಟ್ಟಿ 865–868 ಮೆಗಾಹರ್ಟ್ಸ್. ಆ ಪಟ್ಟಿಗೆ ಹೊಂದುವ, 868 ಎಂದು ನಮೂದಿಸಿದ ಮಾಡ್ಯೂಲನ್ನೇ ಕೇಳಿ. ಆಂಟೆನಾಗೆ 8.2 ಸೆಂಟಿಮೀಟರ್ ನೆಟ್ಟಗಿನ ತಂತಿ ಸಾಕು. ಆಂಟೆನಾ ಹಾಕದೆ ಒಮ್ಮೆಯೂ ಪ್ರಸಾರ ಮಾಡಬೇಡಿ, ಪ್ರಸಾರದ ಭಾಗ ಸುಟ್ಟುಹೋಗಬಹುದು.

ಪ್ರಶ್ನೆ: ಬಿಎಂಇ280 ಸೆನ್ಸರ್ ಕೊಂಡು ತಂದಿದ್ದೇನೆ. ತಾಪ, ಒತ್ತಡ ಬರುತ್ತವೆ, ತೇವಾಂಶ ಬರುವುದಿಲ್ಲ.

ನಿಮಗೆ ಸಿಕ್ಕಿರುವುದು ಬಿಎಂಪಿ280. ನೋಡಲು ಅಣ್ಣತಮ್ಮ, ಆದರೆ ಅದರಲ್ಲಿ ತೇವಾಂಶದ ಭಾಗವೇ ಇಲ್ಲ. ಚಿಪ್ ಗುರುತು ಓದಿಸಿ ನೋಡಿ: ಹೆಕ್ಸ್ 60 ಬಂದರೆ ಬಿಎಂಇ, 58 ಬಂದರೆ ಬಿಎಂಪಿ. ಅಂಗಡಿಗೆ ವಾಪಸ್ ಕೊಡಿ.

ಪ್ರಶ್ನೆ: ಒಂದು ಬೆಳೆ ಚೆನ್ನಾಗಿ ನಡೆಯಿತು. ಮನೆ ಸೋಂಕು ನಿವಾರಣೆ ಮಾಡಿದ ಮೇಲೆ ತೇವಾಂಶ ಸದಾ 99.9 ತೋರಿಸುತ್ತಿದೆ. — ಕನಕಪುರ

ಬ್ಲೀಚಿಂಗ್ ಪುಡಿಯ ದ್ರಾವಣ, ಫಾರ್ಮಲಿನ್, ಕ್ಲೋರಿನ್ ಡೈಆಕ್ಸೈಡ್ ಇವುಗಳ ಆವಿ ಸೆನ್ಸರ್‌ನ ತೇವಾಂಶ ಹೀರುವ ಪದರಕ್ಕೆ ಇಳಿಯುತ್ತದೆ. ಸಿಂಪರಣೆಗೆ ಮೊದಲು ಸೆನ್ಸರ್ ಬಿಚ್ಚಿ ಮನೆಗೆ ಒಯ್ಯಿರಿ. ಬಾಗಿಲು ತೆರೆದು ಗಾಳಿಯಾಡಿ, ವಾಸನೆ ಪೂರ್ತಿ ಹೋದ ಮೇಲೆ ಮತ್ತೆ ಹಾಕಿ. ಹುಳು ಜ್ವರಕ್ಕೆ ಕೂತಾಗ (ಪೊರೆ ಬಿಡುವಾಗ) ಹಾಸಿಗೆಗೆ ಎರಚುವ ಸುಣ್ಣದ ಪುಡಿಯೂ ಶತ್ರುವೇ. ಸೆನ್ಸರ್ ಮೇಲೆ ಬಿಳಿ ಪೊರೆಯ ಫಿಲ್ಟರ್ ಇರುವ ಮಾದರಿ ಸಿಕ್ಕರೆ ಅದನ್ನೇ ತನ್ನಿ. ಡಬ್ಬಿ ಮುಚ್ಚಲು ವಿನೆಗರ್ ವಾಸನೆಯ ಸಿಲಿಕೋನ್ ಬಳಸಬೇಡಿ, ಅದರ ಆಮ್ಲವೂ ಇದೇ ಕೆಲಸ ಮಾಡುತ್ತದೆ.

ಈಗಿನದನ್ನು ಒಣ ಜಾಗದಲ್ಲಿ ಎರಡು ದಿನವಿಟ್ಟು, ಉಪ್ಪಿನ ಪರೀಕ್ಷೆಗೆ ಒಡ್ಡಿ. ಡಿಎಚ್‌ಟಿ22 ಆಗಿದ್ದರೆ ಆಸೆ ಬೇಡ. ಎಸ್‌ಎಚ್‌ಟಿ31 ಆಗಿದ್ದು ಬರೀ ಹನಿಗಟ್ಟಿದ್ದರೆ ಅದರೊಳಗಿನ ಹೀಟರನ್ನು ಪ್ರೋಗ್ರಾಂನಿಂದ ಕೆಲಹೊತ್ತು ಚಾಲೂ ಮಾಡಿ ಒಣಗಿಸಬಹುದು. ಚಾಕಿ ಮನೆಯವರು ತಿಳಿದಿರಲಿ: 80ಕ್ಕಿಂತ ಮೇಲೆ ಎರಡು ಮೂರು ದಿನ ಸತತ ಇದ್ದರೆ ಒಳ್ಳೆಯ ಸೆನ್ಸರ್ ಕೂಡ ಸುಮಾರು 3 ಅಂಕ ಹೆಚ್ಚು ತೋರಿಸುವುದುಂಟು. ಒಣ ಗಾಳಿಗೆ ಬಂದ ಮೇಲೆ ನಿಧಾನವಾಗಿ ತಾನೇ ಸರಿಹೋಗುತ್ತದೆ.

ಪ್ರಶ್ನೆ: ಇದರಿಂದಲೇ ಫ್ಯಾನ್, ತೇವಗೊಳಿಸುವ ಯಂತ್ರ ಆನ್–ಆಫ್ ಮಾಡಿಸಬಹುದೇ? ಅಂಕಿ ತಪ್ಪಿದರೆ ಎಚ್ಚರಿಸುವಂತೆ ಮಾಡಬಹುದೇ? — ವಿಜಯಪುರ, ಬೆಂಗಳೂರು ಗ್ರಾಮಾಂತರ

230 ವೋಲ್ಟ್ ಹಾಯುವ ರಿಲೇಯನ್ನು (ಬೋರ್ಡ್ ಹೇಳಿದಂತೆ ಆನ್–ಆಫ್ ಆಗುವ ಸ್ವಿಚ್) ಒದ್ದೆ ಮನೆಯೊಳಗೆ ತೆರೆದ ಹಲಗೆಯ ಮೇಲೆ ಕೂರಿಸುವುದು ಪ್ರಾಣಕ್ಕೆ ಸಂಚಕಾರ. ಮಾಡುವುದಾದರೆ ಎಲೆಕ್ಟ್ರಿಷಿಯನ್ ಕೈಯಿಂದ, ಹೊರಗೋಡೆಯ ಮುಚ್ಚಿದ ಪೆಟ್ಟಿಗೆಯಲ್ಲಿ, ಸೋರಿಕೆ ತಡೆಯುವ ಬ್ರೇಕರ್ ಸಹಿತ ಮಾಡಿಸಿ. ತೇವಗೊಳಿಸುವ ಯಂತ್ರ ತೇವಾಂಶ 65ಕ್ಕೆ ಇಳಿದಾಗ ಆನ್ ಆಗಿ 71ಕ್ಕೆ ಏರಿದಾಗ ಆಫ್ ಆಗುವಂತೆ ನಡುವೆ ಅಂತರವಿರಲಿ. ಒಂದೇ ಅಂಕಿಗೆ ಎರಡೂ ಇಟ್ಟರೆ ಯಂತ್ರ ನಿಮಿಷಕ್ಕೆ ನಾಲ್ಕು ಸಲ ಹತ್ತಿ ಆರುತ್ತ ಬೇಗ ಕೆಡುತ್ತದೆ. ಚಳಿಗಾಲದಲ್ಲಿ ಕೆಂಡದ ಬಾಣಲೆ ಇಡುವವರು ಗಮನಿಸಿ: ಈ ಸಾಧನ ಹೊಗೆಯನ್ನಾಗಲಿ ವಿಷಾನಿಲವನ್ನಾಗಲಿ ನೋಡುವುದಿಲ್ಲ. ಕಿಟಕಿ ತೆರೆದಿಡುವುದು ನಿಮ್ಮ ಕೆಲಸ.

ಎಚ್ಚರಿಕೆಯ ಗಂಟೆ ಮಾತ್ರ ಅಗತ್ಯವಾಗಿ ಹಾಕಿ. ಮನೆಯ ಬೋರ್ಡ್‌ಗೆ ಹತ್ತಿಪ್ಪತ್ತು ರೂಪಾಯಿಯ ಬಜರ್ ಸೇರಿಸಿ, ತಾಪ ಸತತ ಮೂರು ಓದಿಗೆಯಲ್ಲಿ ಮಿತಿ ದಾಟಿದರೆ ಕೂಗಲಿ. ಒಂದೇ ಓದಿಗೆಗೆ ಕೂಗಿಸಿದರೆ ಬಾಗಿಲು ತೆರೆದು ಸೊಪ್ಪು ಹಾಕಿದಾಗಲೆಲ್ಲ ಕೂಗುತ್ತದೆ, ನಾಲ್ಕು ದಿನಕ್ಕೆ ನೀವೇ ಅದರ ತಂತಿ ಕೀಳುತ್ತೀರಿ. ಪರದೆಯ ಮೇಲೆ ಅಂಕಿಯ ಪಕ್ಕದಲ್ಲೇ ಅದು ಬಂದು ಎಷ್ಟು ನಿಮಿಷವಾಯಿತು ಎಂದೂ ತೋರಿಸಿ. ಸೆನ್ಸರ್ ಸತ್ತರೆ ಅಥವಾ ಬ್ಯಾಟರಿ ಮುಗಿದರೆ ಕೊನೆಯ ಅಂಕಿ ಪರದೆಯಲ್ಲಿ ಹಾಗೇ ನಿಂತಿರುತ್ತದೆ. ಐದನೇ ಹಂತದ ಹುಳು ಸೆಕೆಯಲ್ಲಿ ಬೇಯುತ್ತಿದ್ದರೂ ಪರದೆ ಮಾತ್ರ 24 ಡಿಗ್ರಿ ಎನ್ನುತ್ತಲೇ ಇರುತ್ತದೆ. ಮೂವತ್ತು ನಿಮಿಷ ಹೊಸ ಅಂಕಿ ಬರದಿದ್ದರೆ, ಅದಕ್ಕೂ ಗಂಟೆ ಕೂಗಬೇಕು.